ಆರನೆಯ ಕಣಜ

ಸುಗ್ಗಿ ಮುಗಿಯುತ್ತ ಬಂದಿತ್ತು. ಬೆಳಗಿನಿಂದಲೇ ಜೋಳ ತುಂಬಿಕೊಳ್ಳಲು ಲಾರಿಗಳು ಗೇಟಿನಾಚೆ ಸಾಲುಗಟ್ಟಿದ್ದವು. ಯಾವ ಉಕ್ಕಿನ ಕಣಜದ ತಳ ಯಾವಾಗ ತೆರೆಯಬೇಕೆಂದು ಯಂತ್ರವೇ ತೀರ್ಮಾನಿಸುತ್ತಿತ್ತು. ಗಾಜಿನ ಕೋಣೆಯಲ್ಲಿ ಕುಳಿತ ಆಪರೇಟರನದು ಪರದೆ ನೋಡುವ ಕೆಲಸ. ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿಯೊಂದು ಅವನ ಮೇಜಿನ ಮೇಲಿತ್ತು. ಈ ಸುಗ್ಗಿಯಲ್ಲಿ ಅದನ್ನು ಎರಡು ಸಲ ಒತ್ತಿದ್ದ. ಎರಡು ಸಲವೂ ಕಣಜದೊಳಗೆ ಯಾರೂ ಇರಲಿಲ್ಲ. ಇನ್ನೊಮ್ಮೆ ಹಾಗಾದರೆ ಮನೆಗೆ ಎಂದು ಕಾಗದ ಬಂದಿತ್ತು.

ಗೋಡೆಗಂಟಿದ ಜೋಳ ಕೆದಕಲು ಇಳಿಯುವವರು ಕಚೇರಿಯಿಂದ ಪರವಾನಗಿ ಬಿಲ್ಲೆ ಪಡೆದರೆ ಯಂತ್ರ ತಳ ತೆರೆಯುವುದಿಲ್ಲ; ತೆರೆದರೆ ಒಳಗಿದ್ದವರನ್ನು ಜಾರುವ ಜೋಳ ಹೂತುಬಿಡುತ್ತದೆ. ಬಿಲ್ಲೆ ಕೈಗೆ ಬರಲು ಅರ್ಧ ಗಂಟೆ. ಹಳಬರು ಅದರ ಗೊಡವೆಯೇ ಬೇಡವೆಂದು ಒಳಗಿರುವ ಗುರುತಿಗೆ ಏಣಿಯ ತುದಿಗೆ ಟವೆಲ್ ಕಟ್ಟಿ ಇಳಿದುಬಿಡುತ್ತಿದ್ದರು. ಮೇಲೆ ಬಂದಾಗ ಬಿಚ್ಚಲು ಮರೆಯುತ್ತಿದ್ದರು.

ಆರನೆಯ ಕಣಜದ ಏಣಿಯಲ್ಲಿ ನೀಲಿ ಟವೆಲ್ ಕಂಡಿತು. ಪರದೆ 'ಒಳಗೆ ಯಾರೂ ಇಲ್ಲ' ಎನ್ನುತ್ತಿತ್ತು. ತಳ ತೆರೆಯಲು ನಲವತ್ತು ಸೆಕೆಂಡು.

ಟವೆಲ್ ಭಾವನದು, ಹೆಂಡತಿಯ ಅಣ್ಣನದು. ಈ ಕೆಲಸ ಕೊಡಿಸಿದವನೂ ಅವನೇ. ಫೋನ್ ಮಾಡಿದರೆ ಎತ್ತಲಿಲ್ಲ. ಓಡಿಹೋಗಿ ಹತ್ತಿ ನೋಡಲು ಮೂರು ನಿಮಿಷ ಬೇಕು. ನಿನ್ನೆಯೂ ಅದೇ ಟವೆಲ್ ಸಂಜೆವರೆಗೆ ಸುಮ್ಮನೆ ನೇತಾಡಿತ್ತು. ಒತ್ತಿದರೆ ಅನ್ನ ಹೋದೀತು, ಬಿಟ್ಟರೆ ಜೀವ. ಹನ್ನೊಂದು ಸೆಕೆಂಡು ಉಳಿದಿರುವಾಗ ಒತ್ತಿದ.

ಸದ್ದೆಲ್ಲ ಅಡಗಿತು. ಸ್ವಲ್ಪ ಹೊತ್ತಿಗೆ ಸೂಪರ್‌ವೈಸರ್ ಬಂದ. ಹಿಂದೆ ಹುಬ್ಬಿನವರೆಗೂ ಧೂಳು ಮೆತ್ತಿದ ಭಾವ.

"ಇವತ್ತೇನಪ್ಪ ಕನಸು ಬಿತ್ತು ನಿಂಗೆ?" ಎಂದು ಆಪರೇಟರನನ್ನು ಕೇಳಿ ಸೂಪರ್‌ವೈಸರ್ ಭಾವನತ್ತ ತಿರುಗಿದ. "ನೀನು ಒಳಗಿದ್ದೆಯೇನಯ್ಯ?"

"ಬಿಲ್ಲೆ ಇಲ್ದೆ ಇಳಿದ್ರೆ ಕೆಲಸದಿಂದ ತೆಗೀತೀರಿ. ನಂಗೇನು ತಲೆ ಕೆಟ್ಟಿದ್ಯಾ ಸಾರ್? ಕೆಳಗೆ ಗುಡಿಸ್ತಿದ್ದೆ."

ಭಾವನ ಪ್ಯಾಂಟಿನ ಮಡಿಕೆಯಿಂದ ಜೋಳದ ಕಾಳು ಒಂದೊಂದೇ ನೆಲಕ್ಕೆ ಉದುರುತ್ತಿತ್ತು. ಸೂಪರ್‌ವೈಸರ್ ಪರದೆ ನೋಡುತ್ತಿದ್ದ. ಆಪರೇಟರ್ ಕಾಳು ನೋಡುತ್ತಿದ್ದ.

"ನೀನೇನಂತೀಯ?" ಎಂದು ಸೂಪರ್‌ವೈಸರ್ ಆಪರೇಟರನನ್ನು ಕೇಳಿದ.

"ನನ್ನದೇ ತಪ್ಪು ಸಾರ್. ಕಣ್ಣು ಮೋಸ ಮಾಡ್ತು."

ಸೂಪರ್‌ವೈಸರ್ ಕೆಲಸದಿಂದ ತೆಗೆಯುವ ಕಾಗದ ತರಲು ಹೋದ.

"ತಂಗಿಗೆ ನಾನೇ ಹೇಳ್ತೀನಿ," ಎಂದ ಭಾವ, ತಲೆ ಎತ್ತದೆ.

"ಬೇಡ ಭಾವ. ನೀವು ಕೊಡಿಸಿದ ಕೆಲಸ, ನಿಮಗಾಗೇ ಹೋಯ್ತು. ಋಣ ತೀರ್ತು." ಡ್ರಾಯರಿನಿಂದ ಕನ್ನಡಕದ ಡಬ್ಬಿ ತೆಗೆದು ಜೇಬಿಗೆ ಹಾಕಿಕೊಂಡ. "ನಾಳೆ ಈ ಕುರ್ಚೀಲಿ ಕೂರೋನು ಪರದೆ ಬಿಟ್ಟು ಬೇರೆ ಕಡೆ ನೋಡಲ್ಲ. ಬಿಲ್ಲೆ ತಗೊಂಡೇ ಇಳೀರಿ."

ಭಾವ ಗೇಟಿನತ್ತ ನೋಡಿದ. ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

"ಅದಕ್ಕೆ ಅರ್ಧ ಗಂಟೆ ಕಾಯ್ಬೇಕಲ್ಲೋ ಮಾರಾಯ," ಎಂದ.