ನಡುವೆ ಕೂತವರು

ಭೂಕಂಪವಾದ ಮರುವರ್ಷ ನಾನು ಆ ದೇಶಕ್ಕೆ ಹೊರಟು ನಿಂತಾಗ ಅಕ್ಕ ಹಣೆ ಹಣೆ ಚಚ್ಚಿಕೊಂಡಳು. "ಅಳೋರಿಗೆ ಇಲ್ಲೇನು ಬರಗಾಲನಾ? ಸಂಬಳ ಇಲ್ಲ, ಸವಲತ್ತಿಲ್ಲ, ವಿಮಾನ ಹತ್ತಿ ಹೋಗಿ ಕಣ್ಣೀರು ಒರೆಸ್ತೀಯಾ?" ನಾನು ಒರೆಸೋಕಲ್ಲ, ಒರೆಸೋದನ್ನ ಅಲ್ಲಿಯವರಿಗೆ ಕಲಿಸೋಕೆ ಹೋಗ್ತಿದೀನಿ ಅಂದೆ. "ಅದಕ್ಕೂ ಕ್ಲಾಸ್ ಬೇಕಾ!" ಎಂದು ಇನ್ನಷ್ಟು ಬೈದಳು. ಬೈಯುತ್ತಲೇ ನನ್ನ ಸೂಟ್‌ಕೇಸಿಗೆ ಬಟ್ಟೆ ಮಡಿಚಿಟ್ಟವಳೂ ಅವಳೇ.

ಈಗ ನಿವೃತ್ತಿಯಾಗಿ ಮನೆಯಲ್ಲಿ ಕೂತಿದ್ದೇನೆ. ಆಪ್ತಸಮಾಲೋಚನೆಯ ಪಾಠ ಎಷ್ಟೋ ಕಡೆ ಮಾಡಿದ್ದೇನೆ, ಯಾವುದೂ ನೆಟ್ಟಗೆ ನೆನಪಿಲ್ಲ. ಆ ಒಂದು ಬೇಸಿಗೆ ಮಾತ್ರ ಹೋಗು ಅಂದರೂ ಹೋಗುವುದಿಲ್ಲ. ಅಲ್ಲಿ ಪಾಠ ಮಾಡಿದ ಹಾಲ್‌ಗೆ ಇನ್ನೊಮ್ಮೆ ಹೋಗಿ ಸುಮ್ಮನೆ ಕೂತು ಬರಬೇಕು ಅನ್ನಿಸುತ್ತದೆ.

ಬಸ್ ನಿಲ್ದಾಣದ ಎದುರಿನ ಹೊಲಿಗೆ ತರಬೇತಿ ಕೇಂದ್ರ ಅದು. ಹೊಲಿಗೆ ಯಂತ್ರಗಳನ್ನು ಗೋಡೆಗೆ ಒತ್ತರಿಸಿ ನಮಗೆ ಕುರ್ಚಿ ಹಾಕಿಕೊಟ್ಟಿದ್ದರು. ಗೋಡೆಯ ಬಿರುಕಿಗೆ ಅಡ್ಡಲಾಗಿ ಎಂಜಿನಿಯರುಗಳು ಗಾಜಿನ ಪಟ್ಟಿ ಅಂಟಿಸಿದ್ದರು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ, ಆಗ ಕಟ್ಟಡ ಖಾಲಿ ಮಾಡಬೇಕು. ಕಲಿಯಲು ಬಂದವರೆಲ್ಲ ಬೆಳಗ್ಗೆ ಮೊದಲು ಆ ಗಾಜು ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಯಂತ್ರದ ಎಣ್ಣೆಯ ವಾಸನೆ, ಹೊರಗೆ ಕಂಡಕ್ಟರುಗಳ ಕೂಗು, ಒಳಗೆ ಒಂದೇ ಫ್ಯಾನು. ಅದೂ ನನ್ನ ತಲೆಯ ಮೇಲಿರಲಿಲ್ಲ.

ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ನಡುವೆ ಇದ್ದವರು ದುಭಾಷಿ. ನನಗಿಂತ ನಾಲ್ಕಾರು ವರ್ಷ ದೊಡ್ಡವರು, ಮದುವೆಯಾದವರಲ್ಲ. ಹರೆಯದಲ್ಲಿ ನಮ್ಮೂರಿನ ಕಾಲೇಜಿನಲ್ಲಿ ಓದಿ, ನಮ್ಮ ಮಾತನ್ನು ಹಾಸ್ಟೆಲಿನ ಅಡುಗೆಯವನಿಂದ ಕಲಿತಿದ್ದರು. ಹಾಗಾಗಿ ಬೇರೆ ಏನು ತಪ್ಪಿದರೂ ಬೈಗುಳ ಒಂದೂ ತಪ್ಪುತ್ತಿರಲಿಲ್ಲ. ಯಾರಾದರೂ ತಡವಾಗಿ ಬಂದರೆ, "ಬಂದ್ರು ನೋಡಿ ಮೇಡಂ ಮಹಾರಾಣಿ, ಪಲ್ಲಕ್ಕಿ ಸಿಗಲಿಲ್ಲವಂತೆ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ ಮತ್ತೆ ಗಂಭೀರವಾಗಿ ಕೂರುತ್ತಿದ್ದರು.

ಕೆಲಸಕ್ಕೆ ಕೂತರೆ ಮಾತ್ರ ಬಲು ಕಟ್ಟುನಿಟ್ಟು. ನಮ್ಮ ವೃತ್ತಿಯಲ್ಲಿ ದುಭಾಷಿ ಏನನ್ನೂ ಸೇರಿಸಬಾರದು, ಏನನ್ನೂ ಬಿಡಬಾರದು. ನೊಂದವರ ಮಾತನ್ನು ತನ್ನದೇ ಎನ್ನುವಂತೆ 'ನಾನು' ಎಂದೇ ಹೇಳಬೇಕು. ಅವರ ಸ್ಟೂಲು ಅರ್ಧ ಹೆಜ್ಜೆ ಹಿಂದಿರಬೇಕು. "ನಾನು ನೀರಿನ ಪೈಪ್ ಇದ್ದ ಹಾಗೆ ಮೇಡಂ" ಅನ್ನುತ್ತಿದ್ದರು. "ಆ ಕಡೆ ಬಿಟ್ಟಿದ್ದು ಈ ಕಡೆ ಬರುತ್ತೆ. ನಂದು ಅಂತ ಒಂದು ಹನಿ ಇಲ್ಲ."

ಕಲಿಯುವವರಲ್ಲಿ ಒಬ್ಬಳು ನರ್ಸ್ ಇದ್ದಳು. ದುಭಾಷಿಯ ತಮ್ಮನ ಹೆಂಡತಿ. ತಮ್ಮ ಭೂಕಂಪದಲ್ಲಿ ಹೋಗಿಬಿಟ್ಟಿದ್ದ. ಭಾವ, ಇವಳು ಇಬ್ಬರೇ ಒಂದು ಬಾಡಿಗೆ ಮನೆಯಲ್ಲಿದ್ದರು. ಊರಿಗೆಲ್ಲ ತಮಾಷೆ ಮಾಡುವ ಮನುಷ್ಯ ಅವಳ ಹತ್ತಿರ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅವಳ ಮಾತನ್ನು ನನಗೆ ಹೇಳುವಾಗಲೂ ನೆಲ ನೋಡುತ್ತಿದ್ದರು. ತರಬೇತಿ ಮುಗಿದ ಕೂಡಲೇ ಹೋಗುವ ಹಾಗೆ ಅವಳು ದೂರದ ಬೆಟ್ಟದ ಆಸ್ಪತ್ರೆಗೆ ವರ್ಗ ಕೇಳಿಕೊಂಡಿದ್ದಾಳೆ ಎಂದು ಒಂದು ದಿನ ಟೀ ಹೊತ್ತಿನಲ್ಲಿ ಅವರೇ ಹೇಳಿದರು. "ಹೋಗ್ಲಿ ಬಿಡಿ. ನನ್ನ ಜೊತೆ ಇದ್ದು ಅವಳಿಗೇನು ಭಾಗ್ಯ?" ಹಾಗಂದವರು ಟೀ ಕುಡಿಯಲೇ ಇಲ್ಲ. ಇವರ ಗಂಟಲಲ್ಲಿ ಏನೋ ಸಿಕ್ಕಿಹಾಕಿಕೊಂಡಿದೆ, ಹೇಳದೆಹೋದರೆ ಇವರಿಗೆ ಉಳಿದಿರುವ ಒಬ್ಬಳೂ ಕೈತಪ್ಪಿ ಹೋಗುತ್ತಾಳೆ ಅನ್ನಿಸಿತು. ಕೇಳದೆ ಮೂಗು ತೂರಿಸುವುದು ನಮ್ಮ ವೃತ್ತಿಗೆ ಹೇಳಿಸಿದ್ದಲ್ಲ. ಮೂಗು ತೂರಿಸದೆ ಇರುವುದು ನನ್ನ ಸ್ವಭಾವಕ್ಕೆ ಹೇಳಿಸಿದ್ದಲ್ಲ. ಆದರೂ ಹಲ್ಲು ಕಚ್ಚಿ ಸುಮ್ಮನಿದ್ದೆ.

ಕೊನೆಯ ವಾರ ಒಬ್ಬೊಬ್ಬರೂ ನನ್ನೆದುರು ಕೂತು ತಮ್ಮದೊಂದು ನೋವು ಹೇಳಬೇಕಿತ್ತು. ನಾಳೆ ಇನ್ನೊಬ್ಬರ ದುಃಖ ಕೇಳುವವರು ಒಮ್ಮೆ ಆಚೆಯ ಕುರ್ಚಿಯಲ್ಲೂ ಕೂತು ನೋಡಲಿ ಎಂದು. ಸಣ್ಣ ನೋವು ಸಾಕು, ದೊಡ್ಡದಕ್ಕೆ ಕೈ ಹಾಕಬೇಡಿ ಎಂದು ಹೇಳಿಯೇ ಇದ್ದೆ. ನರ್ಸ್ ಸರದಿ ಬಂದಾಗ ದುಭಾಷಿ ಗಂಟಲು ಸರಿಯಿಲ್ಲ ಎಂದರು. ಮನೆಯವರನ್ನು ದುಭಾಷಿಯಾಗಿ ಕೂರಿಸಬಾರದು ಎನ್ನುವುದು ನನಗೂ ಗೊತ್ತಿತ್ತು. ಆದರೆ ನಮ್ಮ ಮಾತು ಬಲ್ಲವರು ಆ ಊರಲ್ಲಿ ಇನ್ನೊಬ್ಬರಿರಲಿಲ್ಲ. ಅವಳ ಸರದಿ ಬಿಟ್ಟುಬಿಡೋಣ ಎಂದೆ. ಅವಳು ಬಿಡಲಿಲ್ಲ. ಭಾವನೇ ದುಭಾಷಿಯಾಗಿ ಕೂರಬೇಕು, ಇವತ್ತೇ ಆಗಬೇಕು ಎಂದು ಹಟ ಹಿಡಿದಳು. ದಾರದ ಉಂಡೆಗಳನ್ನಿಟ್ಟಿದ್ದ ಹಿಂದಿನ ಕೋಣೆಯಲ್ಲಿ ಮೂವರೂ ಕೂತೆವು.

ಅವಳು ನನ್ನ ಮುಖ ನೋಡುತ್ತ ನಿಧಾನವಾಗಿ ಹೇಳಿದಳು. ಅವರು ಒಂದಕ್ಷರ ಬಿಡದೆ ನನಗೆ ಹೇಳಿದರು.

"ಭಾವ ನನ್ನ ಮುಖ ನೋಡಲ್ಲ. ಭೂಮಿ ನಡುಗಿದಾಗ ನಾನು ಆಸ್ಪತ್ರೇಲಿ ಡ್ಯೂಟಿಲಿದ್ದೆ. ಮನೇಲಿದ್ದಿದ್ರೆ ಗಂಡನ್ನ ಎಬ್ಬಿಸಿ ಕರ್ಕೊಂಡು ಬರ್ತಿದ್ದೆ. ಭಾವನಿಗೆ ಅದೇ ಕೋಪ. ಅದಕ್ಕೇ ಮನೆ ಬಿಡ್ತಿದೀನಿ."

ಅವಳ ಮಾತು ಮುಗಿಯಿತು. ಅವರದು ಮುಗಿಯಲಿಲ್ಲ.

"ಕೋಪ ಅಲ್ಲ ಮೇಡಂ. ಆಮೇಲೆ ನಿಮ್ಮ ದೇಶದಿಂದ ರಕ್ಷಣಾ ತಂಡ ಬಂತಲ್ಲ, ಅವರಿಗೂ ನಾನೇ ದುಭಾಷಿ. ಯಾವ ಬೀದಿ ಅಗೀಬೇಕು ಅಂತ ಅಧಿಕಾರಿ ಹೇಳೋರು, ನಾನು ತಂಡಕ್ಕೆ ತಿಳಿಸ್ತಿದ್ದೆ. ಒಂದು ಸಲ ಅಧಿಕಾರಿ ಇರಲಿಲ್ಲ. 'ನೀನೇ ಹೇಳಪ್ಪ, ಈಗ ಎಲ್ಲಿಗೆ ಹೋಗೋಣ' ಅಂತ ತಂಡದವರು ನನ್ನನ್ನೇ ಕೇಳಿದ್ರು. ಕುಸಿದ ನಮ್ಮ ಮನೆ ನಾವು ನಿಂತಲ್ಲಿಂದ ಒಂದೇ ತಿರುವಿನ ಆಚೆ ಇತ್ತು. ತಮ್ಮ ಒಳಗಿಂದ ಕೂಗ್ತಿದಾನೆ ಅಂತ ಪಕ್ಕದವರು ಬಂದು ಹೇಳಿದ್ರು. ನಮ್ಮವರನ್ನೇ ಮೊದಲು ತೆಗೆಸಿಕೊಂಡ ಅಂತ ಜನ ಆಡಿಕೊಳ್ತಾರೆ ಅನ್ನಿಸ್ತು. 'ನಾನು ಬರೀ ದುಭಾಷಿ, ಅಧಿಕಾರಿ ಬರಲಿ' ಅಂದೆ. ಅವರು ಬರೋ ಹೊತ್ತಿಗೆ ಕತ್ತಲಾಯ್ತು, ಅಗೆಯೋದು ನಿಲ್ಲಿಸಿದ್ರು. ಬೆಳಗ್ಗೆ ಕೂಗು ನಿಂತಿತ್ತು."

ಕಣ್ಣೀರು ಒರೆಸುವುದನ್ನು ಕಲಿಸಲು ಬಂದ ನನ್ನ ಕಣ್ಣಲ್ಲೇ ನೀರು ತುಂಬಿತ್ತು. ನರ್ಸ್ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ ಏನೋ ಕೇಳಿದಳು. ಅಭ್ಯಾಸಬಲ, ಅವರು ಅದನ್ನೂ ನನಗೆ ತಿಳಿಸಿದರು.

"ಭಾವ ಇಷ್ಟುದ್ದ ಏನು ಹೇಳಿದ್ರು ಅಂತ ನಿಮ್ಮನ್ನ ಕೇಳ್ತಿದಾಳೆ."

"ಅದನ್ನ ನಾನು ಹೇಗೆ ಹೇಳ್ಲಿ, ಪುಣ್ಯಾತ್ಮರೇ? ನನಗೆಲ್ಲಿ ಬರುತ್ತೆ ಅವಳ ಮಾತು?"

ಅವರು ಸ್ಟೂಲು ಎಳೆದುಕೊಂಡು ನನಗೆ ಬೆನ್ನು ಹಾಕಿ ಅವಳೆದುರು ಕೂತರು.

ಆ ಮಾತುಗಳು ನನಗೆ ಅರ್ಥವಾಗಲಿಲ್ಲ. ಕಂಡದ್ದು ಅವಳ ಮುಖ ಮಾತ್ರ. ಅದು ಬಿಳಿಚಿಕೊಂಡಿತು. ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಸರಿ, ಇನ್ನು ಇವಳು ಆ ಬಾಗಿಲಿಂದ ಹೊರಗೆ ಹೋದರೆ ಮುಗಿಯಿತು ಅಂದುಕೊಂಡೆ. ಅವರು ಮುಖ ಮುಚ್ಚಿಕೊಂಡು ಹೆಗಲು ಅಲುಗುವಂತೆ ಅಳುತ್ತಿದ್ದರು. ಅವಳು ತಿರುಗಿ ಬಂದಳು. ರೋಗಿಯ ನಾಡಿ ಹಿಡಿದು ನೋಡುವವಳ ಹಾಗೆ ಅವರ ಮುಂಗೈ ಹಿಡಿದು ಮುಖದಿಂದ ಈಚೆ ತೆಗೆದಳು. ಕೈ ಬಿಡದೆ ಒಂದೆರಡು ಮಾತು ಹೇಳಿದಳು. ಅವರು ತಲೆಯೆತ್ತಿ ಅವಳ ಮುಖ ನೋಡಿದರು.

ಸುಮ್ಮನಿರಬೇಕಿತ್ತು. ಆದರೆ ನಾಲಿಗೆ ನನ್ನದಲ್ಲವೇ, ಕೇಳಿಯೇಬಿಟ್ಟಿತು.

"ಏನಂದಳು?"

ದುಭಾಷಿ ನನ್ನ ಕಡೆ ತಿರುಗಲಿಲ್ಲ.

"ಅದು ನನಗೆ ಹೇಳಿದ್ದು ಮೇಡಂ."