ಮೇಮೇಯ ಮೊದಲ ಗುಟುಕು

ಗುಳ್ಳೆಯಿಲ್ಲ, ಬಾಯಂಚಿನಲ್ಲಿ ಒಂದೇ ಒಂದು ನೊರೆಗುಳ್ಳೆಯಿಲ್ಲ, ಕೂಸಿನ ತುಟಿ ಒಣಗಿದೆ, ಒಣಗಿದ ತುಟಿ ಇಷ್ಟು ಚೆಂದ ಕಾಣಬಹುದೆಂದು ನರ್ಸ್ ಬಿಲಿಯೆನ್‌ಗೆ ಇವತ್ತೇ ಅನ್ನಿಸಿದ್ದು — ಹುಟ್ಟಿದ ದಿನ ಈ ಹೆಣ್ಣುಕೂಸು ಮೇಮೇ ಬಾಯಿತುಂಬ ನೊರೆ ಕಾರುತ್ತ ಬಂದಿತ್ತು, ಅನ್ನನಾಳ ಅರ್ಧಕ್ಕೇ ಮುಚ್ಚಿಹೋಗಿ ಎಂಜಲೂ ಇಳಿಯದೆ. ಡಾಕ್ಟರು ಎರಡು ತುದಿ ಸೇರಿಸಿ ಹೊಲಿದರು, ಹೊಲಿದು ಬಿಲಿಯೆನ್ ಕೈಗೆ ಕೊಟ್ಟರು, ಆಮೇಲಿನದೆಲ್ಲ ಕೈಯ ಕೆಲಸ, ಕತ್ತು ಹಿಂದಕ್ಕೆ ಬಾಗದಂತೆ ಒತ್ತಿಟ್ಟ ಬಟ್ಟೆ, ಮೂಗಿನಿಂದ ಹೊಟ್ಟೆಗಿಳಿದ ಕೊಳವೆ ಕೀಳದಂತೆ ಪುಟ್ಟ ಮುಷ್ಟಿಗೆ ತೊಡಿಸಿದ ಚೀಲ, ಕಫ ಎಳೆಯುವ ನಳಿಕೆ ಗುರುತು ದಾಟಿ ಕೂದಲೆಳೆಯಷ್ಟೂ ಕೆಳಗಿಳಿಯಬಾರದು, ಇಳಿದರೆ ಆ ಹೊಲಿಗೆ — ಇಳಿಯಲಿಲ್ಲ, ಒಂದು ಸಲವೂ ಇಳಿಯಲಿಲ್ಲ. ಕಫ ತೆಗೆಯೋದಕ್ಕಾ ಮಾರಾಯ್ತಿ ಇಷ್ಟೆಲ್ಲ ಓದಿದ್ದು ನೀನು, ಎಂದು ಬಿಲಿಯೆನ್‌ಳ ಅಪ್ಪ ಜ್ಯಾಯಿ ಊರಿನ ತನ್ನ ಟರ್ಕಿಕೋಳಿ ಅನ್ನದಂಗಡಿಯಲ್ಲಿ ಗಿರಾಕಿಗಳೆದುರೇ ಆಡಿಕೊಂಡಿದ್ದ, ಬಿಸಿ ಅನ್ನದ ಮೇಲೆ ಕೊಬ್ಬು ಸುರಿಯುತ್ತ, ಎಲ್ಲರೂ ನಕ್ಕಿದ್ದರು, ಈಗ ಕೇಳಲಿ ನೋಡೋಣ, ಹೌದಪ್ಪ ಅದಕ್ಕೇ ಅನ್ನುತ್ತೇನೆ. ನಮ್ಮ ವಂಶದಲ್ಲಿ ಯಾರಿಗೂ ಗಂಟಲು ಮುಚ್ಚಿರ್ಲಿಲ್ಲಪ್ಪ — ಇದು ಮೇಮೇಯ ಅಜ್ಜಿ, ಅವರ ಮಾತಲ್ಲಿ ಅಮಾ, ಎಳ್ಳೆಣ್ಣೆಯ ಕೋಳಿಸಾರು ಹಿಡಿದು ಬಂದವಳು, ಬಾಣಂತಿ ಸೊಸೆ ಯೂಜೆನ್ ತಲೆ ತಗ್ಗಿಸಿದ್ದಳು, ಅಮಾ, ಇದು ಯಾರ ವಂಶದ್ದೂ ಅಲ್ಲ, ಬನ್ನಿ ಕೈ ತೊಳ್ಕೊಳ್ಳಿ, ಮೊಮ್ಮಗಳ ಕಾಲು ಹಿಡ್ಕೊಳ್ಳಿ ಎಂದಿದ್ದಳು ಬಿಲಿಯೆನ್, ಬೆರಳುದ್ದದ ಆ ಪಾದ ಕೈಗೆ ಸಿಕ್ಕಿದ್ದೇ ಮುದುಕಿ ವಂಶದ ಮಾತು ಬಿಟ್ಟಿದ್ದಳು, ಅವತ್ತಿನಿಂದ ಸಾರು ಇಬ್ಬರಿಗೆ ಬರುತ್ತಿದೆ, ಸೊಸೆಗೊಂದು, ನರ್ಸಿಗೊಂದು. ನಿನ್ನೆ ಬಣ್ಣದ ನೀರು ಗಂಟಲಿಗೆ ಹನಿಸಿ ಎಕ್ಸ್‌ರೇ ತೆಗೆದರು, ಹೊಲಿಗೆ ಎಲ್ಲೂ ಸೋರಿಲ್ಲ, ಇವತ್ತು ಬಾಯಿಂದ ಹಾಲು, ಮೊದಲ ಹಾಲು ನೀವೇ ಕುಡಿಸಿ ಬಿಲಿಯೆನ್, ನಿಮಗೇ ಸಲ್ಲಬೇಕು, ಅಂದರು ಡಾಕ್ಟರು, ಮನಸ್ಸು ಹಾರಿತು, ಸುಳ್ಳೇಕೆ, ಹಾರಿತು — ಬಾಟಲಿ ಬೆಚ್ಚಗಿತ್ತು, ಆದರೂ ಅದನ್ನು ಯೂಜೆನ್‌ಳ ಅಂಗೈಯಲ್ಲಿಟ್ಟಳು. ಅಕ್ಕಾ, ನಂಗೆ ಭಯ, ಸಿಕ್ಕಿಹಾಕ್ಕೊಂಡ್ರೆ? ಸಿಕ್ಕಿಹಾಕ್ಕೊಂಡ್ರೆ ನಾನಿದೀನಲ್ಲ, ತಲೆ ಸ್ವಲ್ಪ ಎತ್ತು, ಹಾಂ, ಹಾಗೇ, ಅವಳೇ ಎಳ್ಕೊಳ್ಲಿ, ನೀನು ಹಿಂಡಬೇಡ. ಮೇಮೇ ಎಳೆಯುತ್ತಾಳೆ, ಬಾಯಿ ಬಲ್ಲದು, ಬರಿ ನಿಪ್ಪಲು ಚೀಪಿಸಿ ಚೀಪಿಸಿ ಕಲಿಸಿದ್ದು ಬಿಲಿಯೆನ್ ತಾನೆ — ಕೆಮ್ಮು, ನಾಯಿಮರಿ ಬೊಗಳಿದಂಥ ಕೆಮ್ಮು, ಅಜ್ಜಿ ಅಯ್ಯೋ ಅಂದಳು, ಬಾಟಲಿ ಹೊರಬಂತು, ತುಟಿಯ ಬಣ್ಣ ನೋಡು, ಗುಲಾಬಿ, ಉಗುರು ನೋಡು, ಗುಲಾಬಿ, ಬೆನ್ನಿನ ಮೇಲೆ ಅಂಗೈ, ಉಸಿರು ಬಂತು, ಹೋಯಿತು, ಮತ್ತೆ ಬಂತು, ಇದು ಅವಳ ಕೆಮ್ಮೇ ಹೀಗೆ ಅಮಾ, ಇನ್ನೂ ಸ್ವಲ್ಪ ಕಾಲ ಬೊಗಳ್ತಾಳೆ, ಹೆದರಬೇಡಿ, ಯೂಜೆನ್, ಇನ್ನೊಂದ್ಸಲ ಕೊಡು. ಇನ್ನೊಂದು ಸಲ, ತಾಯಿ ಈಗ ಕೂಸಿನ ತಲೆ ಹೇಳಿಸಿಕೊಳ್ಳದೆಯೇ ಎತ್ತಿ ಹಿಡಿದಿದ್ದಾಳೆ, ಅದನ್ನೂ ಕಲಿಸಿದ್ದು ಬಿಲಿಯೆನ್ನೇ, ಯಾರೂ ಹೇಳುವುದು ಬೇಡ, ತನಗೆ ಗೊತ್ತು, ಹಾಲು ಬಾಯೊಳಗೆ ನಿಂತಿದೆ, ನಿಂತೇ ಇದೆ — ಗಂಟಲು, ಗದ್ದದ ಕೆಳಗೆ ಆ ಇಷ್ಟೇ ಇಷ್ಟು ಗಂಟಲು, ಏರಿತು, ಇಳಿಯಿತು, ಏರಿತು, ಇಳಿಯಿತು