ಕೌನ್ಸಿಲ್ ಮಾಡಿದ ತಪ್ಪು, ಲಿನೆಟ್‌ಗೆ ಬಂದ ಬಿಲ್ಲು

ಊರಿನ ಆಡಳಿತ ನಡೆಸುವ ಕೌನ್ಸಿಲ್‌ನ ಆಫೀಸಿನಿಂದ ಬರುವ ಕಂದು ಲಕೋಟೆ ನಮ್ಮ ಬೀದಿಯಲ್ಲಿ ಯಾರಿಗೂ ಬೇಡ. ಬಾಗಿಲಲ್ಲಿ ಕಾಗದ ಹಾಕುವ ಸೀಳಿನಿಂದ ಅದು ಒಳಗೆ ಬಿದ್ದರೆ ಕೆಲವರು ಒಡೆಯದೆ ಡ್ರಾಯರಿಗೆ ಹಾಕಿಬಿಡುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಅಂಥದೊಂದು ಲಕೋಟೆ ಲಿನೆಟ್ ಒಗ್ಡನ್ ಮನೆಗೆ ಬಂತು.

ಲಿನೆಟ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಗಂಡ ಕ್ಲೈವ್ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಲು ಹೋಗಿ ಬೆನ್ನಿಗೆ ಪೆಟ್ಟು ಮಾಡಿಕೊಂಡು ಮೂರು ವರ್ಷದಿಂದ ಮನೆಯಲ್ಲೇ ಇದ್ದಾನೆ. ಆದಾಯ ಕಡಿಮೆ ಎಂದು ಕೌನ್ಸಿಲ್ ಅವರ ಮನೆ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತಿತ್ತು. ಮನೆಯಲ್ಲಿರುವ ಮಗ ಅಥವಾ ಮಗಳು ದೊಡ್ಡವರಾಗಿ ದುಡಿಯತೊಡಗಿದರೆ ಆ ರಿಯಾಯಿತಿ ಸ್ವಲ್ಪ ಕಡಿಮೆಯಾಗುತ್ತದೆ. ಇದು ನಮ್ಮ ಊರಿನ ನಿಯಮ. ಅವರ ಮಗಳು ಟ್ಯಾಮ್ಸಿನ್ ಬಿಸ್ಕತ್ ಕಾರ್ಖಾನೆಗೆ ಸೇರಿ ವರ್ಷದ ಮೇಲಾಗಿತ್ತು.

ಕಾಗದದಲ್ಲಿ ಹೀಗಿತ್ತು: "ಮಗಳು ಕೆಲಸಕ್ಕೆ ಸೇರಿದ್ದನ್ನು ನೀವು ತಿಳಿಸಿಲ್ಲ. ಹದಿನಾಲ್ಕು ತಿಂಗಳು ನಿಮಗೆ ಹೆಚ್ಚು ರಿಯಾಯಿತಿ ಸಂದಿದೆ. ಒಂಬೈನೂರ ಹದಿನಾಲ್ಕು ಪೌಂಡ್ ಕಟ್ಟಬೇಕು. ತಪ್ಪಿದರೆ ಕೋರ್ಟಿಗೆ ಹೋಗುತ್ತೇವೆ."

ಕ್ಲೈವ್ ಎರಡು ಸಲ ಓದಿದ.

"ಲಿನೆಟ್, ನೀನು ಹೇಳಿದ್ದೆ ತಾನೇ ಅವರಿಗೆ?"

"ಹೇಳಿದ್ದೆ ಕಣೋ. ಫಾರ್ಮ್ ತುಂಬಿ ನಾನೇ ಕಳಿಸಿದ್ದೆ."

"ಮತ್ತೆ ಅಷ್ಟು ದೊಡ್ಡ ಆಫೀಸಿನವರು ಸುಳ್ಳು ಬರೀತಾರಾ? ಮರೆತಿರ್ತೀಯ ನೀನು. ಒಪ್ಕೋ."

ಇಪ್ಪತ್ತಮೂರು ವರ್ಷ ಸಂಸಾರ ಮಾಡಿದ ಹೆಂಡತಿಯ ಮಾತಿಗಿಂತ ಒಂದು ಕಾಗದದ ಮಾತು ಅವನಿಗೆ ಹೆಚ್ಚಾಯಿತು. ಲಿನೆಟ್ ಸಿಂಕಿನ ಕಡೆ ತಿರುಗಿ ಪಾತ್ರೆ ತೊಳೆಯುತ್ತಾ ನಿಂತಳು. ಮೆಟ್ಟಿಲ ಮೇಲೆ ಕೂತಿದ್ದ ಟ್ಯಾಮ್ಸಿನ್‌ಗೆ ಎಲ್ಲವೂ ಕೇಳಿಸಿತು.

"ಓಹೋ, ನಾನು ದುಡಿದಿದ್ದೇ ತಪ್ಪಾಯ್ತು ಅನ್ನಿ!" ಎಂದಳು. ಮಾರನೆಯ ದಿನವೇ ಬಟ್ಟೆ ತುಂಬಿಕೊಂಡು ಗೆಳತಿಯ ಮನೆಗೆ ಹೋದಳು. ತಾನು ಮನೆಯಲ್ಲಿಲ್ಲದಿದ್ದರೆ ಅಪ್ಪ ಅಮ್ಮನಿಗೆ ಸಾಲ ಬೆಳೆಯುವುದಿಲ್ಲ ಎಂಬುದು ಆ ಹುಡುಗಿಯ ಲೆಕ್ಕ. ಅಲ್ಲಿ ಸೋಫಾದ ಮೇಲೆ ಮಲಗಿ, ಬೆಳಿಗ್ಗೆ ಆರಕ್ಕೆ ಕಾರ್ಖಾನೆಗೆ ಓಡುತ್ತಿದ್ದಳು.

ಲಿನೆಟ್ ಯಾರಿಗೂ ಹೇಳದೆ ವಾರಕ್ಕೆ ಇಪ್ಪತ್ತು ಪೌಂಡ್ ಕಟ್ಟತೊಡಗಿದಳು. ಇನ್ನೂರು ಮಕ್ಕಳಿಗೆ ಊಟ ಬಡಿಸುವವಳು ಮಧ್ಯಾಹ್ನ ತಾನು ಬರೀ ನೀರು ಕುಡಿಯುತ್ತಿದ್ದಳು.

ಒಂದು ದಿನ ಮೂಲೆಯ ಅಂಗಡಿಯಲ್ಲಿ ಅವಳು ಬೆಣ್ಣೆಯನ್ನೂ ಚಹಾದ ಪೊಟ್ಟಣವನ್ನೂ ಬುಟ್ಟಿಯಿಂದ ತೆಗೆದು ವಾಪಸ್ ಇಟ್ಟಳು. ಹಿಂದೆ ನಿಂತಿದ್ದವರು ಹೈಸಿಂತ್. ಜಮೈಕಾದಲ್ಲಿ ಹುಟ್ಟಿ ಇಲ್ಲೇ ಬಾಳಿದ ಹೆಂಗಸು. ಹತ್ತೊಂಬತ್ತು ವರ್ಷ ಕೌನ್ಸಿಲ್‌ನ ತೆರಿಗೆ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಈಗ ಪ್ರತಿ ಗುರುವಾರ ಲೈಬ್ರರಿಯಲ್ಲಿ ಕೂತು, ಬಂದವರ ಕಾಗದಪತ್ರ ಓದಿ ಹೇಳುತ್ತಾರೆ.

"ಏನಮ್ಮ, ಚಹಾನೂ ಬಿಟ್ಯಾ? ಇನ್ನು ಉಸಿರಾಡೋದನ್ನೂ ಬಿಡ್ತೀಯೇನೋ!"

ಲಿನೆಟ್ ನಗಲಿಲ್ಲ. ಅಂಗಡಿಯ ಹೊರಗೆ ಬಂದು ಎಲ್ಲವನ್ನೂ ಹೇಳಿಕೊಂಡಳು. ಕೇಳುತ್ತಾ ಕೇಳುತ್ತಾ ಹೈಸಿಂತ್ ಮುಖ ಗಂಟಿಕ್ಕಿತು.

"ನೀನು ತಿಳಿಸಿದ್ದು ನಿಜ ತಾನೆ?"

"ನನ್ನ ಮಗಳಾಣೆ."

"ಹಾಗಾದ್ರೆ ಯಾವ ಸಂಕಟಕ್ಕೆ ದುಡ್ಡು ಕಟ್ತಿದ್ದೀಯ? ನಡಿ ಮನೆಗೆ."

ಕ್ಲೈವ್‌ಗೆ ಅವರನ್ನು ಕಂಡು ಖುಷಿಯೇನೂ ಆಗಲಿಲ್ಲ. "ನೋಡಿ ಹೈಸಿಂತ್, ಗೌರ್ಮೆಂಟಿನ ಜೊತೆ ಗುದ್ದಾಡಿ ಗೆದ್ದೋರು ಯಾರಿದ್ದಾರೆ? ಕಟ್ಟಿ ಕೈ ತೊಳ್ಕೊಂಡ್ರೆ ಮರ್ಯಾದೆ ಆದ್ರೂ ಉಳಿಯುತ್ತೆ."

"ಯಾವ ಮರ್ಯಾದೆ ಕ್ಲೈವ್? ನಿನ್ನ ಹೆಂಡತಿ ಊಟ ಬಿಟ್ಟಿದ್ದಾಳೆ, ಮಗಳು ಯಾರದೋ ಸೋಫಾ ಮೇಲೆ ಮಲಗ್ತಿದ್ದಾಳೆ. ಇದಾ ನಿನ್ನ ಮರ್ಯಾದೆ? ಕೌನ್ಸಿಲ್‌ನಿಂದ ಬಂದ ಹಳೇ ಕಾಗದ ಎಲ್ಲಿ?"

ಕ್ಲೈವ್ ಮೆಲ್ಲಗೆ ಎದ್ದು ಅಲಮಾರಿನ ಕೆಳಗಿನ ಡ್ರಾಯರ್ ಎಳೆದ. ವರ್ಷಗಳ ಕಾಗದ ಅಲ್ಲಿ ತುರುಕಿಟ್ಟಿತ್ತು. ಕೆಲವು ಲಕೋಟೆಗಳನ್ನು ಒಡೆದೂ ಇರಲಿಲ್ಲ. ಮೂವರೂ ಅಡುಗೆಮನೆಯ ನೆಲದ ಮೇಲೆ ಕೂತು ಒಂದೊಂದಾಗಿ ಬಿಚ್ಚಿದರು. ಅರ್ಧ ಗಂಟೆಯ ಮೇಲೆ ಕ್ಲೈವ್ ಕೈಯಲ್ಲೇ ಅದು ಸಿಕ್ಕಿತು. ಹಿಂದಿನ ವರ್ಷದ ಮಾರ್ಚ್ ಕೊನೆಯಲ್ಲಿ ಕೌನ್ಸಿಲ್ ಬರೆದ ಉತ್ತರ: "ನಿಮ್ಮ ಮಗಳ ಕೆಲಸದ ವಿವರ ಬಂದಿದೆ. ದಾಖಲೆ ಸರಿಪಡಿಸಿದ್ದೇವೆ. ನೀವು ಮತ್ತೇನೂ ಮಾಡಬೇಕಾಗಿಲ್ಲ."

ಅವನ ಕಿವಿ ಕೆಂಪಾಯಿತು. "ಲಿನೆಟ್..." ಎಂದ. ಕಾಗದವನ್ನು ಅವಳ ಕಡೆ ಚಾಚಿದ.

"ಆಮೇಲೆ ಹೇಳುವಿಯಂತೆ. ಮೊದಲು ಕೋಟು ಹಾಕ್ಕೋ," ಎಂದಳು ಲಿನೆಟ್. ಹೊರಡುವ ಮೊದಲು ಹೈಸಿಂತ್ ಅಲ್ಲೇ ಕೂತು ಮೇಲ್ಮನವಿ ಬರೆದರು, ಲಿನೆಟ್ ಸಹಿ ಹಾಕಿದಳು.

ಕೌನ್ಸಿಲ್ ಕೌಂಟರಿನಲ್ಲಿದ್ದ ಯುವಕ ಕಂಪ್ಯೂಟರ್ ಬಿಟ್ಟು ಕಣ್ಣೆತ್ತಲಿಲ್ಲ. "ಬದಲಾವಣೆ ತಿಳಿಸೋದು ನಿಮ್ಮ ಜವಾಬ್ದಾರಿ ಮೇಡಂ. ತಿಳಿಸಿಲ್ಲ ಅಂತ ಇಲ್ಲಿದೆ."

ಹೈಸಿಂತ್ ಬಾಯಿ ತೆರೆದರು. ಲಿನೆಟ್ ಅವರ ತೋಳು ಹಿಡಿದು ತಡೆದಳು. ಜೀವನದಲ್ಲಿ ಯಾರ ಮೇಲೂ ದನಿ ಎತ್ತದವಳು ಆ ಕಾಗದವನ್ನು ಕೌಂಟರಿನ ಮೇಲೆ ಬಡಿದಿಟ್ಟಳು.

"ಇದು ಯಾರ ಸಹಿ? ಓದಪ್ಪ, ಜೋರಾಗಿ ಓದು! ನಾನು ಹೇಳಿದೆ. ನೀವು ಸರಿ ಮಾಡಿದ್ದೀವಿ ಅಂದ್ರಿ. ನಾನು ನಂಬಿದೆ. ಈಗ ನನ್ನನ್ನೇ ಕಳ್ಳಿ ಅಂತೀರಾ? ನನ್ನ ಮಗಳು ಮನೆ ಬಿಟ್ಟು ಹೋಗಿದ್ದಾಳೆ ನಿಮ್ಮ ಒಂದು ಸಾಲಿನಿಂದ!"

ಯುವಕ ಓದಿದ. ಮುಖ ಬಿಳಿಚಿಕೊಂಡಿತು.

"ಇದು... ನಮ್ಮ ಕಡೆಯಿಂದ ಆಗಿರಬಹುದು. ನೋಡ್ತೀವಿ."

"ನೋಡ್ತೀವಿ ಅಂದ್ರೆ ಸಾಲದು," ಎಂದರು ಹೈಸಿಂತ್. "ಮೇಲ್ಮನವಿ ಬರೆದು ತಂದಿದ್ದೀವಿ. ಸ್ವೀಕರಿಸಿದ್ದಕ್ಕೆ ಮುದ್ರೆ ಒತ್ತಿ ಕೊಡು. ಉತ್ತರ ಬರೋವರೆಗೆ ಕೋರ್ಟಿಗೆ ಹೋಗಲ್ಲ ಅಂತಾನೂ ಬರೆದು ಕೊಡು. ಎರಡು ತಿಂಗಳಲ್ಲಿ ಉತ್ತರ ಬರದಿದ್ರೆ ನಾವು ನ್ಯಾಯಮಂಡಳಿಗೆ ಹೋಗ್ತೀವಿ. ಈ ಕುರ್ಚಿಯಲ್ಲಿ ನಾನೂ ಕೂತಿದ್ದವಳೇ ಮಗ, ನಂಗೆ ಗೊತ್ತು."

ಏಳು ವಾರಕ್ಕೆ ಉತ್ತರ ಬಂತು. ಕ್ಲೈವ್ ಅದನ್ನು ಬಾಗಿಲಲ್ಲೇ ಒಡೆದು ಹೆಂಡತಿಗೆ ಓದಿ ಹೇಳಿದ. ತಪ್ಪು ಕೌನ್ಸಿಲ್‌ನದು. ಹೆಚ್ಚು ರಿಯಾಯಿತಿ ಸಂದಿದೆ ಎಂದು ಈ ಮನೆಯವರಿಗೆ ತಿಳಿಯುವ ದಾರಿ ಇರಲಿಲ್ಲ. ಊರಿನ ಯೋಜನೆಯ ನಿಯಮದಂತೆ ಆ ಹಣ ಕೇಳುವಂತಿಲ್ಲ. ಲಿನೆಟ್ ಫಾರ್ಮ್ ಕಳಿಸಲು ತಡಮಾಡಿದ್ದ ಮೊದಲ ಐದು ವಾರಗಳ ಎಪ್ಪತ್ತೆರಡು ಪೌಂಡ್ ಮಾತ್ರ ಅವರು ಕೊಡಬೇಕು. ಅದು ನ್ಯಾಯವೇ. ಲಿನೆಟ್ ತಕರಾರಿಲ್ಲದೆ ಒಪ್ಪಿಕೊಂಡಳು. ಆಗಲೇ ಕಟ್ಟಿದ್ದರಲ್ಲಿ ಅದನ್ನು ಮುರಿದುಕೊಂಡು ಉಳಿದದ್ದನ್ನು ಅವರು ಹಿಂದಿರುಗಿಸಿದರು.

ಕ್ಲೈವ್ ಅಂದೇ ಬಸ್ಸು ಹತ್ತಿ ಕಾರ್ಖಾನೆಯ ಗೇಟಿಗೆ ಹೋಗಿ ನಿಂತ. ಟ್ಯಾಮ್ಸಿನ್ ಹೊರಗೆ ಬಂದಾಗ, "ನಿಮ್ಮಮ್ಮ ಹೇಳಿದ್ದೇ ನಿಜ. ನಾನು ದಡ್ಡ. ಬಾ ಮನೆಗೆ," ಎಂದ. ಅವಳು ಬಂದಳು. ಆದರೆ ಅವಳು ಸೋಫಾದ ಮೇಲೆ ಕಳೆದ ದಿನಗಳನ್ನು, ಆ ತಾಯಿ ಬಿಟ್ಟ ಊಟಗಳನ್ನು ಯಾವ ಕೌನ್ಸಿಲ್ ವಾಪಸ್ ಕೊಡುತ್ತದೆ? "ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಎಂಬ ಒಂದೇ ಸಾಲು ಬರೆದಿದ್ದರು. ಆ ಸಾಲು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಗೂ ಇಂಥ ಕಾಗದ ಬಂದೀತು. ಡ್ರಾಯರಿಗೆ ತುರುಕಬೇಡಿ, ಅವತ್ತೇ ಒಡೆದು ಓದಿ. ಯಾವ ದಿನದಿಂದ ಯಾವ ದಿನದವರೆಗೆ, ಯಾಕೆ, ಯಾರ ತಪ್ಪಿನಿಂದ ಹೆಚ್ಚಾಯಿತು ಎಂದು ಬರಹದಲ್ಲಿ ಕೇಳಿ. ಮನೆಯಲ್ಲಿ ಏನೇ ಬದಲಾದರೂ ಕೂಡಲೇ ಬರೆದು ತಿಳಿಸಿ, ಅವರ ಉತ್ತರವನ್ನು ಜೋಪಾನ ಮಾಡಿ. ನಿಯಮ ಊರಿಂದೂರಿಗೆ ಬೇರೆ, ಮೇಲ್ಮನವಿಗೆ ಗಡುವೂ ಇರುತ್ತದೆ. ಆದ್ದರಿಂದ ತಡಮಾಡದೆ ತಿಳಿದವರ ಹತ್ತಿರ ಹೋಗಿ. ತಪ್ಪು ನಿಮ್ಮದಾಗಿದ್ದರೆ ಕಂತು ಕೇಳಿ ತೀರಿಸಿ. ಅವರದಾಗಿದ್ದರೆ ನಾಚಿಕೊಂಡು ಒಂದು ಪೌಂಡನ್ನೂ ಕಟ್ಟಬೇಡಿ. ನಿಮ್ಮ ಸಿಟ್ಟನ್ನು ಮನೆಯವರ ಮೇಲೆ ಹಾಕಬೇಡಿ. ಅದನ್ನು ಕಾಗದಕ್ಕಿಳಿಸಿ, ಸಹಿ ಹಾಕಿ, ಆ ಕೌಂಟರಿಗೆ ಒಯ್ಯಿರಿ.